ಬ್ರಾಕೆಟ್‌ಗೆ ಸಿಕ್ಕಿ ಕಳೆದುಹೋಗುವ ಘಾತ: ದತ್ತಾಂಶ ಫೈಲಿನಲ್ಲಿ ಅನಿಶ್ಚಿತತೆ ಕೆಟ್ಟರೆ ಹುಡುಕುವ ಬಗೆ

ಉಳ್ಳಾಲದ ಮರಳಿಗಿಂತ ಮಲ್ಪೆಯ ಮರಳಿನಲ್ಲಿ ಥೋರಿಯಂ ಹೆಚ್ಚು ಎಂದು ನಿಮ್ಮ ಗ್ರಾಫ್ ಹೇಳುತ್ತಿದ್ದರೆ ಮತ್ತೊಮ್ಮೆ ಮರಳು ತರಲು ಹೊರಡಬೇಡಿ. ಮೊದಲು ಫೈಲ್ ತೆರೆದು ನೋಡಿ. ಉಳ್ಳಾಲದ ತೀರದಲ್ಲಿ ಮೊನಜೈಟ್ ಎಂಬ ಖನಿಜ ಇದೆ, ಮೊನಜೈಟ್‌ನಲ್ಲಿ ಥೋರಿಯಂ ಇದೆ. ಕರಾವಳಿಯಲ್ಲಿ ವಿಕಿರಣ ಅಳೆಯುವವರೆಲ್ಲ ಬಲ್ಲ ಸಂಗತಿ ಇದು. ಅದನ್ನು ತಲೆಕೆಳಗು ಮಾಡುವ ಫಲಿತಾಂಶ ಬಂದಾಗ ಹೊಸ ಶೋಧ ಎಂದು ಹಿಗ್ಗುವ ಮೊದಲು ಫೈಲಿನಲ್ಲಿ ಸಂಖ್ಯೆಯ ಬೆನ್ನಿಗೆ ಅನಿಶ್ಚಿತತೆಯನ್ನು (ಅಳತೆ ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜನ್ನು) ಬರೆಯುವ ಬ್ರಾಕೆಟ್ ಮೇಲೆ ಸಂಶಯ ಪಡಬೇಕು.

ನಮ್ಮಲ್ಲಿ ಮಳೆಗಾಲ ಕಳೆದು ಕಡಲು ತಣ್ಣಗಾದ ಮೇಲೆ ವಿದ್ಯಾರ್ಥಿಗಳು ತೀರದ ಮರಳು ತರುತ್ತಾರೆ. ಅದನ್ನು ಒಣಗಿಸಿ, ಜರಡಿ ಹಿಡಿದು, ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಒಂದು ತಿಂಗಳು ಇಟ್ಟು, ಅನಂತರ ಗಾಮಾ ಡಿಟೆಕ್ಟರ್‌ನಲ್ಲಿ ಎಣಿಸುತ್ತಾರೆ. ಇಷ್ಟರವರೆಗೆ ಸಾಮಾನ್ಯವಾಗಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕೆಡುವುದು ಕೊನೆಯ ಹಂತದಲ್ಲಿ, ಅಂದರೆ ಫಲಿತಾಂಶವನ್ನು ಅನಿಶ್ಚಿತತೆಯ ಸಮೇತ ಫೈಲಿಗೆ ಬರೆಯುವಾಗ ಮತ್ತು ಆ ಫೈಲನ್ನು ಬೇರೊಂದು ಪ್ರೋಗ್ರಾಂ ಓದುವಾಗ. ಈ ಕೈಪಿಡಿ ಆ ಕೊನೆಯ ಹಂತಕ್ಕೆ ಮಾತ್ರ ಸಂಬಂಧಿಸಿದ್ದು.

ಓದುವ ಮೊದಲು ಒಂದು ಸೂಚನೆ. ಹತ್ತರ ಘಾತವನ್ನು ಸೂಚಿಸಲು ಫೈಲಿನಲ್ಲಿ ಬಳಸುವ ಇಂಗ್ಲಿಷ್ ಅಕ್ಷರವನ್ನು ಇಲ್ಲಿ ‘ಇ’ ಎಂದೇ ಬರೆದಿದ್ದೇನೆ. 1.5ಇ3 ಎಂದರೆ 1.5 × 10³, ಅಂದರೆ 1500. ‘ಬೆಲೆ’ ಎಂದರೆ ಅಳತೆಯಲ್ಲಿ ಬಂದ ಸಂಖ್ಯೆ.

ಲಕ್ಷಣ 1: ಬೆಲೆ ಹತ್ತು, ನೂರು, ಸಾವಿರ ಪಟ್ಟು ತಪ್ಪಿದೆ; ಆದರೆ ಎಲ್ಲಿಯೂ ಎರರ್ ಇಲ್ಲ

ಎಲ್ಲಕ್ಕಿಂತ ಅಪಾಯಕಾರಿ ದೋಷ ಇದೇ. ಹಾಗಾಗಿ ಇದನ್ನೇ ಮೊದಲು ಹುಡುಕಬೇಕು. ಥೋರಿಯಂ ಸರಣಿಯ ಪಟುತ್ವವನ್ನು ಕಿಲೋಗ್ರಾಂಗೆ ಇಷ್ಟು ಬೆಕೆರೆಲ್ (ಸೆಕೆಂಡಿಗೆ ಇಷ್ಟು ಪರಮಾಣು ಕ್ಷಯ) ಎಂದು ಬರೆದ ಫೈಲಿನ ನಾಲ್ಕು ಸಾಲು ಹೀಗಿದೆ ಎಂದುಕೊಳ್ಳಿ (ಅಂಕಿಗಳು ಉದಾಹರಣೆಗೆ ಮಾತ್ರ, ಇವು ಆ ಊರುಗಳ ಅಳತೆಗಳಲ್ಲ):

ಉಳ್ಳಾಲ 1.842(37)ಇ3
ಪಣಂಬೂರು 4.16(29)ಇ1
ಮಲ್ಪೆ 38.4(26)
ಕಾಪು 35(3)

ಮನುಷ್ಯನ ಕಣ್ಣಿಗೆ ಇದರಲ್ಲಿ ಯಾವ ತೊಡಕೂ ಇಲ್ಲ. ಬ್ರಾಕೆಟ್‌ನ ಅಂಕಿಗಳು ಬೆಲೆಯ ಕೊನೆಯ ಅಂಕಿಗಳ ಅನಿಶ್ಚಿತತೆ. ಉಳ್ಳಾಲದ್ದು 1842, ಅನಿಶ್ಚಿತತೆ 37. ಪಣಂಬೂರಿನದ್ದು 41.6, ಅನಿಶ್ಚಿತತೆ 2.9. ಅಳತೆಯ ಅನಿಶ್ಚಿತತೆಯನ್ನು ಹೇಗೆ ಬರೆಯಬೇಕೆಂದು ತಿಳಿಸುವ ಅಂತರರಾಷ್ಟ್ರೀಯ ಮಾರ್ಗಸೂಚಿ 1993ರಲ್ಲಿ ಮೊದಲು ಪ್ರಕಟವಾಯಿತು. ಅದು ಈ ಬ್ರಾಕೆಟ್ ಪದ್ಧತಿಯನ್ನು ಒಪ್ಪಿದೆ. ಮುದ್ರಿತ ಲೇಖನಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಬರಹ ಇಲ್ಲ.

ಇದೇ ಸಾಲುಗಳನ್ನು ಪಠ್ಯ ಫೈಲ್ ಸಂಸ್ಕರಿಸುವ ಆಕ್ ಎಂಬ ಹಳೆಯ ಪ್ರೋಗ್ರಾಂಗೆ ಕೊಟ್ಟು, ಎರಡನೆಯ ಕಾಲಂಗೆ ಸೊನ್ನೆ ಕೂಡಿಸಿ ಮುದ್ರಿಸಲು ಹೇಳಿ. 1.842, 4.16, 38.4, 35 ಎಂದು ಬರುತ್ತದೆ. ಸಿ ಭಾಷೆಯಲ್ಲಿ ಅಕ್ಷರಗಳನ್ನು ಸಂಖ್ಯೆಯಾಗಿಸುವ ಮೂಲ ಫಂಕ್ಷನ್ ಎಡದಿಂದ ಓದುತ್ತಾ ಹೋಗಿ, ಸಂಖ್ಯೆಗೆ ಸೇರದ ಮೊದಲ ಅಕ್ಷರ ಕಂಡಲ್ಲಿ ನಿಲ್ಲುತ್ತದೆ. ಇಲ್ಲಿ ಆ ಅಕ್ಷರ ತೆರೆದ ಬ್ರಾಕೆಟ್. ಅಲ್ಲಿಯವರೆಗೆ ಓದಿದ್ದನ್ನು ಅದು ಪೂರ್ಣ ಸಂಖ್ಯೆ ಎಂದು ಒಪ್ಪಿಸುತ್ತದೆ. ಬ್ರಾಕೆಟ್ ಹೋದರೆ ಹೋಗಲಿ, ಅನಿಶ್ಚಿತತೆ ಮಾತ್ರ ಕಳೆಯಿತು ಎನ್ನಬಹುದಿತ್ತು. ಆದರೆ ಅದರ ಹಿಂದೆ ನಿಂತಿದ್ದ ಘಾತವೂ ಹೋಯಿತು. ಹೀಗೆ ಉಳ್ಳಾಲ ಪಟ್ಟಿಯ ತಳಕ್ಕೆ ಇಳಿಯಿತು, ಮಲ್ಪೆ ಮೇಲಕ್ಕೇರಿತು. ಘಾತವಿಲ್ಲದೆ ಬರೆದ ಸಾಲುಗಳು ಸರಿಯಾಗಿಯೇ ಉಳಿಯುತ್ತವೆ. ಅರ್ಧ ಫೈಲ್ ಸರಿ, ಅರ್ಧ ತಪ್ಪು ಎಂಬ ಸ್ಥಿತಿ ಕಂಡರೆ ನೇರವಾಗಿ ಇಲ್ಲಿಗೇ ಬನ್ನಿ.

ಖಚಿತಪಡಿಸಿಕೊಳ್ಳುವ ಬಗೆ ಸರಳ. ಪ್ರೋಗ್ರಾಂ ಓದಿಕೊಂಡ ಬೆಲೆಗಳಲ್ಲಿ ಅತಿ ದೊಡ್ಡದು ಮತ್ತು ಅತಿ ಚಿಕ್ಕದನ್ನು ಮುದ್ರಿಸಿ. ಮೂಲ ಫೈಲಿನಲ್ಲಿ ಇ3 ಇದ್ದೂ ಓದಿದ ಬೆಲೆಗಳಲ್ಲಿ ಒಂದೂ ಸಾವಿರ ಮುಟ್ಟದಿದ್ದರೆ ಘಾತ ಬಿದ್ದುಹೋಗಿದೆ.

ಸ್ಫಟಿಕಶಾಸ್ತ್ರದವರು 1991ರಿಂದ ಬಳಸುತ್ತಿರುವ ಮಾಹಿತಿ ಫೈಲ್ ಸ್ವರೂಪದಲ್ಲಿ ಬ್ರಾಕೆಟ್ ಘಾತದ ನಂತರ ಬರುತ್ತದೆ: 1.842ಇ3(37). ನೋಡಲು ವಿಚಿತ್ರ, ಆದರೆ ಲಾಭ ದೊಡ್ಡದು. ಬ್ರಾಕೆಟ್‌ನಲ್ಲಿ ನಿಂತುಬಿಡುವ ಅದೇ ಹಳೆಯ ಫಂಕ್ಷನ್ ಇದನ್ನು 1842 ಎಂದು ಸರಿಯಾಗಿಯೇ ಓದುತ್ತದೆ. ಕಳೆಯುವುದು ಅನಿಶ್ಚಿತತೆ ಮಾತ್ರ. ಬ್ರಾಕೆಟ್ ಬಿಡಲಾರೆ ಎನ್ನುವವರು ಕನಿಷ್ಠ ಈ ಕ್ರಮವನ್ನಾದರೂ ಅನುಸರಿಸಬಹುದು. ಒಂದೇ ಫೈಲಿನಲ್ಲಿ ಎರಡೂ ಕ್ರಮಗಳನ್ನು ಬೆರೆಸುವವರಿಗೆ ಏನು ಹೇಳುವುದು, ಮಾರಾಯ್ರೇ!

ಬ್ರಾಕೆಟ್ ಇಲ್ಲದಿದ್ದರೂ ಇದೇ ಲಕ್ಷಣ ಕಾಣಿಸಬಹುದು. ಪಿಡಿಎಫ್‌ನಿಂದ ನಕಲು ಮಾಡಿದ ಋಣ ಚಿಹ್ನೆ ಕೀಬೋರ್ಡಿನ ಅಡ್ಡಗೆರೆಯಾಗಿರದೆ, ಯೂನಿಕೋಡ್‌ನ ಬೇರೆಯೇ ಅಕ್ಷರವಾಗಿರುತ್ತದೆ. ಕಣ್ಣಿಗೆ ಎರಡೂ ಒಂದೇ. 1.2ಇ−3 ಎಂಬಲ್ಲಿ ಆ ಅಕ್ಷರ ಸೇರಿಕೊಂಡರೆ ಆಕ್ 1.2 ಎಂದು ಓದುತ್ತದೆ, ಪೈಥಾನ್ ಭಾಷೆ ಓದಲು ನಿರಾಕರಿಸುತ್ತದೆ. ಹಳೆಯ ಫೋರ್ಟ್ರಾನ್ ಪ್ರೋಗ್ರಾಂಗಳು ಇ ಬದಲಿಗೆ ‘ಡಿ’ ಬರೆಯುತ್ತವೆ. ಸಿ ಫಂಕ್ಷನ್ ಅಲ್ಲಿಯೂ ನಿಲ್ಲುತ್ತದೆ.

ಲಕ್ಷಣ 2: ಪ್ರೋಗ್ರಾಂ ಓದುವುದೇ ಇಲ್ಲ, ಅಥವಾ ಇಡೀ ಕಾಲಂ ಪಠ್ಯವಾಗಿದೆ

ಇದು ಒಳ್ಳೆಯ ಲಕ್ಷಣ. ಪೈಥಾನ್‌ನ ಫ್ಲೋಟ್ (ಪಠ್ಯವನ್ನು ಸಂಖ್ಯೆಯಾಗಿಸುವ ಫಂಕ್ಷನ್) 1.842(37)ಇ3 ಅನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಪೈಥಾನ್‌ನ ಗಣಿತ ಸಂಗ್ರಹ ನಂಪೈನಲ್ಲಿ ಫೈಲ್ ಓದುವ ಲೋಡ್‌ಟೆಕ್ಸ್ಟ್ ಎರರ್ ಕೊಟ್ಟು ನಿಲ್ಲುತ್ತದೆ. ವಿದ್ಯಾರ್ಥಿಗಳು ಇದರಿಂದ ಬೇಸತ್ತು ಜೆನ್‌ಫ್ರಮ್‌ಟೆಕ್ಸ್ಟ್ ಎಂಬ ಇನ್ನೊಂದು ಫಂಕ್ಷನ್‌ಗೆ ಹೋಗುತ್ತಾರೆ. ಅದು ಓದಲಾಗದ ಕಡೆ ಸಂಖ್ಯೆಯೇ ಅಲ್ಲದ ಒಂದು ಗುರುತನ್ನು ಇಟ್ಟು ಸುಮ್ಮನೆ ಮುಂದೆ ಸಾಗುತ್ತದೆ. ಎರರ್ ಹೋಯಿತು ಎಂಬ ಸಮಾಧಾನ ಉಳಿಯುತ್ತದೆ, ದತ್ತಾಂಶ ಉಳಿಯುವುದಿಲ್ಲ. ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಸಂಗ್ರಹದಲ್ಲಾದರೆ ಒಂದೇ ಒಂದು ಬ್ರಾಕೆಟ್ ಇದ್ದರೂ ಇಡೀ ಕಾಲಂ ಪಠ್ಯವಾಗುತ್ತದೆ. ಎರಡು ಕಾಲಂಗಳನ್ನು ಕೂಡಿಸಿದಾಗ ಮೊತ್ತದ ಬದಲು ಎರಡು ಅಂಕಿಗಳು ಬೆನ್ನಿಗೆ ಬೆನ್ನು ಅಂಟಿಕೊಂಡು ಬಂದರೆ ಕಾರಣ ಇದೇ. ಫೈಲ್ ಓದಿದ ಕೂಡಲೇ ಪ್ರತಿ ಕಾಲಂನ ಪ್ರಕಾರ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಹಾಗೆಯೇ ± ಚಿಹ್ನೆ. ಒಂದು ಕಂಪ್ಯೂಟರಿನಲ್ಲಿ ಸರಿಯಾಗಿದ್ದ ±, ಹಳೆಯ ವಿಂಡೋಸ್ ಇರುವ ಇನ್ನೊಂದರಲ್ಲಿ ತೆರೆದಾಗ ಮುಂದೊಂದು ಟೋಪಿ ಹೊತ್ತ ‘ಎ’ ಅಕ್ಷರದ ಸಮೇತ ಕಾಣಿಸುತ್ತದೆ. ಯುಟಿಎಫ್-8 ಎಂಬ ಈಗಿನ ಅಕ್ಷರ ಸಂಕೇತ ಪದ್ಧತಿಯಲ್ಲಿ ಈ ಚಿಹ್ನೆ ಎರಡು ಬೈಟ್. ಹಳೆಯ ಸಂಕೇತ ಪದ್ಧತಿ ಪ್ರತಿ ಬೈಟನ್ನೂ ಒಂದು ಅಕ್ಷರ ಎಂದುಕೊಳ್ಳುತ್ತದೆ. ದತ್ತಾಂಶದ ಸಾಲುಗಳಲ್ಲಿ ± ಮತ್ತು × ಎರಡನ್ನೂ ಬಳಸದಿರುವುದೇ ಪರಿಹಾರ.

ಮೋಜಿಗೆ ಒಂದು ಮಾತು: ೧.೫ ಎಂದು ಕನ್ನಡ ಅಂಕಿಗಳಲ್ಲಿ ಬರೆದುಕೊಟ್ಟರೆ ಪೈಥಾನ್‌ನ ಫ್ಲೋಟ್ ಅದನ್ನು ನಿರಾತಂಕವಾಗಿ ಓದುತ್ತದೆ. ಬ್ರಾಕೆಟ್ ಕಂಡರೆ ಮುನಿಸಿಕೊಳ್ಳುವ ಅದೇ ಫಂಕ್ಷನ್!

ಲಕ್ಷಣ 3: ಬೆಲೆ ಸರಿ, ಅನಿಶ್ಚಿತತೆ ತಪ್ಪು

ಇಲ್ಲಿ ಗ್ರಾಫ್ ಮೇಲ್ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಯಾರೋ ಬ್ರಾಕೆಟ್ ಬಿಡಿಸುವ ಸಣ್ಣ ಪ್ರೋಗ್ರಾಂ ಬರೆದಿರುತ್ತಾರೆ, ಅದು ಬೆಲೆಯನ್ನು ಸರಿಯಾಗಿ ಪಡೆಯುತ್ತದೆ, ಬ್ರಾಕೆಟ್ ಒಳಗಿನದ್ದನ್ನು ಹಾಗೆಯೇ ಅನಿಶ್ಚಿತತೆ ಎಂದು ಇಟ್ಟುಕೊಳ್ಳುತ್ತದೆ. ಮೇಲಿನ ಉಳ್ಳಾಲದ ಸಾಲಿನಲ್ಲಿ ಅದೃಷ್ಟವಶಾತ್ ಇದು ಸರಿ: ಮೂರು ದಶಮಾಂಶ ಸ್ಥಾನ, ಘಾತವೂ ಮೂರು, ಆದ್ದರಿಂದ 37 ಎಂದರೆ 37 ಬೆಕೆರೆಲ್ಲೇ. ಆ ಸಾಲೊಂದನ್ನೇ ನೋಡಿ ಪ್ರೋಗ್ರಾಂ ಪಾಸಾಯಿತು ಎಂದರೆ ಕೆಟ್ಟಿರಿ. ಪಣಂಬೂರಿನ ಸಾಲಿನಲ್ಲಿ 2.9 ಇರಬೇಕಾದಲ್ಲಿ 29 ಬಂದು ಕುಳಿತಿರುತ್ತದೆ. ಇನ್ನು ದಶಮಾಂಶವನ್ನು ಲೆಕ್ಕ ಹಾಕಿ ಘಾತವನ್ನು ಮರೆತ ಪ್ರೋಗ್ರಾಂ ಅದೇ ಸಾಲಿಗೆ 0.29 ಕೊಡುತ್ತದೆ.

ಮೂರರಲ್ಲಿ ಯಾವುದು ನಿಜ ಎಂದು ಫೈಲ್ ಹೇಳಲಾರದು, ಆದರೆ ಡಿಟೆಕ್ಟರ್ ಹೇಳುತ್ತದೆ. ವಿಕಿರಣ ಎಣಿಕೆಯಲ್ಲಿ ಅನಿಶ್ಚಿತತೆಗೆ ಒಂದು ತಳವಿದೆ: ಎಣಿಕೆ ಎಷ್ಟೋ ಅದರ ವರ್ಗಮೂಲದಷ್ಟು ಏರಿಳಿತ ಇದ್ದೇ ಇರುತ್ತದೆ. ಆ ಮಾದರಿಯ ರೋಹಿತವನ್ನು (ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಎಂದು ತೋರಿಸುವ ಗ್ರಾಫ್) ತೆರೆದು ಶಿಖರದ ನಿವ್ವಳ ಎಣಿಕೆ ನೋಡಿ. 600 ಇದ್ದರೆ ವರ್ಗಮೂಲ ಸುಮಾರು 24.5, ಅಂದರೆ ಶೇಕಡಾ 4. ಹಿನ್ನೆಲೆ ಕಳೆದದ್ದು, ಡಿಟೆಕ್ಟರ್ ದಕ್ಷತೆಯ ಅಂದಾಜು ಎಲ್ಲ ಸೇರಿದರೆ ಶೇಕಡಾ 7 ಎಂಬುದು ನಂಬುವ ಮಾತು; 41.6ಕ್ಕೆ 2.9 ಅಷ್ಟೇ ಆಗುತ್ತದೆ. 29 ಎಂದರೆ ಶೇಕಡಾ 70. ಅಂಥ ಶಿಖರ ಹಿನ್ನೆಲೆಯಿಂದ ಎದ್ದು ಕಾಣುವುದೇ ಇಲ್ಲ. 0.29 ಎಂದರೆ ಶೇಕಡಾ 0.7, ಅದಕ್ಕೆ 20 ಸಾವಿರಕ್ಕೂ ಹೆಚ್ಚು ಎಣಿಕೆ ಬೇಕು. ಬೇರೆ ಯಾವ ಪರೀಕ್ಷೆಗೂ ಸಮಯವಿಲ್ಲದಿದ್ದರೆ ಇದೊಂದನ್ನಾದರೂ ಮಾಡಿ.

ತೂಕ ಕೊಟ್ಟು ಸರಾಸರಿ ತೆಗೆಯುವಾಗ ಈ ದೋಷದ ಬೆಲೆ ಗೊತ್ತಾಗುತ್ತದೆ. ತೂಕ ಅನಿಶ್ಚಿತತೆಯ ವರ್ಗಕ್ಕೆ ವಿಲೋಮ. 2.9 ಬದಲು 0.29 ಎಂದು ಓದಿದ ಸಾಲಿಗೆ ಸಲ್ಲಬೇಕಾದುದರ ನೂರು ಪಟ್ಟು ತೂಕ ಸಿಗುತ್ತದೆ. ಸರಾಸರಿ ಆ ಒಂದು ಮಾದರಿಯ ಬಾಲ ಹಿಡಿದು ಹೋಗುತ್ತದೆ. ಓದಲಾಗದ ಅನಿಶ್ಚಿತತೆಗೆ ಸೊನ್ನೆ ತುಂಬಿದರೆ ಸೊನ್ನೆಯಿಂದ ಭಾಗಿಸಿದಂತಾಯಿತು.

ಅನಿಶ್ಚಿತತೆ ಸರಿಯಾಗಿ ಎರಡು ಪಟ್ಟು ತಪ್ಪಿದ್ದರೆ ದಶಮಾಂಶವನ್ನು ಹುಡುಕಬೇಡಿ, ಮಾಪನಾಂಕ ನಿರ್ಣಯದ ಪ್ರಮಾಣಪತ್ರವನ್ನು ಹುಡುಕಿ. ಅದರಲ್ಲಿ ಸಾಮಾನ್ಯವಾಗಿ ಕೊಡುವುದು ವಿಸ್ತೃತ ಅನಿಶ್ಚಿತತೆ, ಎರಡರಿಂದ ಗುಣಿಸಿದ್ದು, ಸುಮಾರು ಶೇಕಡಾ 95ರ ಭರವಸೆಯದ್ದು. ಬ್ರಾಕೆಟ್‌ನಲ್ಲಿ ಬರೆಯುವುದು ಗುಣಿಸದ ಅನಿಶ್ಚಿತತೆ. ± ಚಿಹ್ನೆಯನ್ನು ಎರಡಕ್ಕೂ ಬಳಸುವವರಿದ್ದಾರೆ. ಮೇಲೆ ಹೇಳಿದ ಮಾರ್ಗಸೂಚಿ, ಸಾಧ್ಯವಾದಲ್ಲೆಲ್ಲ ± ಬಳಸದಿರಿ ಎನ್ನುವುದಕ್ಕೆ ಕಾರಣ ಈ ಗೊಂದಲವೇ.

ಲಕ್ಷಣ 4: ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಉಳಿಸಿದ ಮೇಲೆ ಕೆಟ್ಟಿತು

‘ಸರ್, ಬರೀ ನೋಡಲು ತೆರೆದೆ, ಏನನ್ನೂ ಬದಲಾಯಿಸಲಿಲ್ಲ’ ಎನ್ನುತ್ತಾರೆ. ನಿಜವನ್ನೇ ಹೇಳುತ್ತಿರುತ್ತಾರೆ. ಬದಲಾಯಿಸಿದ್ದು ಅವರಲ್ಲ.

ಅಲ್ಪವಿರಾಮದಿಂದ ಬೇರ್ಪಡಿಸಿದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಘಾತವಿರುವ ಸಂಖ್ಯೆ ಎರಡೇ ದಶಮಾಂಶದ ರೂಪದಲ್ಲಿ ಕಾಣಿಸುತ್ತದೆ. ಅದೇ ಸ್ವರೂಪದಲ್ಲಿ ಮತ್ತೆ ಉಳಿಸಿದರೆ ಫೈಲಿಗೆ ಹೋಗುವುದು ಪರದೆಯಲ್ಲಿ ಕಂಡದ್ದು. ಗುರುತ್ವ ಸ್ಥಿರಾಂಕವನ್ನು ತೆಗೆದುಕೊಳ್ಳಿ: 6.67430 × 10⁻¹¹, ಅನಿಶ್ಚಿತತೆ 1.5 × 10⁻¹⁵. ತೆರೆದು ಉಳಿಸಿದ ಮೇಲೆ ಬೆಲೆ 6.67ಇ-11 ಆಗುತ್ತದೆ, ಅನಿಶ್ಚಿತತೆ ಹಾಗೆಯೇ ಉಳಿಯುತ್ತದೆ. ಕತ್ತರಿಸಿಹೋದ ಭಾಗ ಅನಿಶ್ಚಿತತೆಯ ಸುಮಾರು 29 ಪಟ್ಟು. ಬೆಲೆಗಳೆಲ್ಲ ಮೂರೇ ಅಂಕಿಗಳಲ್ಲಿ ಕೊನೆಗೊಂಡಿರುವ ಕಾಲಂ ಕಂಡರೆ ಈ ದಾರಿಯಲ್ಲಿ ಹೋಗಿ ಬಂದಿದೆ ಎಂದೇ ತಿಳಿಯಿರಿ.

ಬ್ರಾಕೆಟ್ ಸಮೇತ ಬರೆದ 38.4(26) ಅಲ್ಲಿ ಪಠ್ಯವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಸರಾಸರಿಯ ಸೂತ್ರ ಪಠ್ಯವನ್ನು ಬಿಟ್ಟು ಉಳಿದದ್ದರ ಸರಾಸರಿ ಕೊಡುತ್ತದೆ, ತುಟಿ ಪಿಟಕ್ಕೆನ್ನದೆ. ಅನಿಶ್ಚಿತತೆಯನ್ನು ಬ್ರಾಕೆಟ್ ಸಮೇತ ಬೇರೆ ಕಾಲಂಗೆ ಹಾಕಿದರೆ ಇನ್ನೊಂದು ಪೇಚು: (26) ಎಂದು ಟೈಪ್ ಮಾಡಿದ್ದು ಲೆಕ್ಕಪತ್ರದವರ ರೂಢಿಯಂತೆ ಋಣ 26 ಆಗುತ್ತದೆ. ಅನಿಶ್ಚಿತತೆಗಳನ್ನು ವರ್ಗ ಮಾಡಿ ಕೂಡಿಸುವಾಗ ಋಣ ಚಿಹ್ನೆ ಮಾಯವಾಗುವುದರಿಂದ ಈ ತಪ್ಪು ಬಹುಕಾಲ ಯಾರ ಕಣ್ಣಿಗೂ ಬೀಳದೆ ಬದುಕಬಲ್ಲದು. ಕಾಲಂನ ಕನಿಷ್ಠ ಬೆಲೆ ಕೇಳಿ. ಸೊನ್ನೆಗಿಂತ ಕಡಿಮೆ ಬಂದರೆ ಕಳ್ಳ ಸಿಕ್ಕಿದ.

ಮೂರನೆಯದು ಇನ್ನೂ ಸೂಕ್ಷ್ಮ. ಬೆಲೆ ಒಂದು ಕಾಲಂ, ಕೊನೆಯ ಅಂಕಿಗಳ ಅನಿಶ್ಚಿತತೆ ಇನ್ನೊಂದು ಕಾಲಂ ಎಂದು ಬೇರ್ಪಡಿಸಿದಿರಿ ಎನ್ನೋಣ: 6.67430 ಮತ್ತು 15. ಸಂಖ್ಯೆಯಾಗಿ ಓದಿದ ಕೂಡಲೇ ಕೊನೆಯ ಸೊನ್ನೆ ಉದುರಿ 6.6743 ಆಗುತ್ತದೆ. ಈಗ 15 ಎಂಬುದು ಒಂದು ಸ್ಥಾನ ಎಡಕ್ಕೆ ಜರುಗಿತು. ಅನಿಶ್ಚಿತತೆ ಹತ್ತು ಪಟ್ಟು ಹೆಚ್ಚಿತು. ಸೊನ್ನೆಯಲ್ಲಿ ಕೊನೆಗೊಳ್ಳುವ ಬೆಲೆಗಳಲ್ಲಿ ಮಾತ್ರ ಹೀಗಾಗುವುದರಿಂದ ಹತ್ತರಲ್ಲಿ ಸುಮಾರು ಒಂದು ಸಾಲು ಕೆಡುತ್ತದೆ, ಉಳಿದವು ನೆಟ್ಟಗಿರುತ್ತವೆ.

ಲಕ್ಷಣ 5: ಹೊರಗಿನಿಂದ ತಂದ ಪಟ್ಟಿಯಲ್ಲಿ ಕಾಲಂಗಳು ಚೆಲ್ಲಾಪಿಲ್ಲಿ

ಮೂಲಭೂತ ಸ್ಥಿರಾಂಕಗಳ ಕೋಡಾಟಾ ಎಂಬ ಅಂತರರಾಷ್ಟ್ರೀಯ ಸಮಿತಿಯ ಬೆಲೆಗಳನ್ನು ಅಮೆರಿಕದ ಮಾನಕಗಳ ಸಂಸ್ಥೆ ನಿಸ್ಟ್ ಪಠ್ಯ ಫೈಲಾಗಿ ಕೊಡುತ್ತದೆ. ಅದರಲ್ಲಿ ಬ್ರಾಕೆಟ್ ಅನಿಶ್ಚಿತತೆ ಇಲ್ಲ, ಬೆಲೆಗೂ ಅನಿಶ್ಚಿತತೆಗೂ ಬೇರೆ ಬೇರೆ ಕಾಲಂ ಇದೆ. ಆದರೆ ಅಂಕಿಗಳನ್ನು ಮೂರು ಮೂರಾಗಿ ಬಿಡಿಸಿ ಬರೆದಿದ್ದಾರೆ: 6.674 30 ಇ-11, ಅನಿಶ್ಚಿತತೆ 0.000 15 ಇ-11. ಖಾಲಿ ಜಾಗ ಕಂಡಲ್ಲೆಲ್ಲ ಕಾಲಂ ಕತ್ತರಿಸುವ ಪ್ರೋಗ್ರಾಂ ಒಂದು ಸಂಖ್ಯೆಯನ್ನು ಮೂರು ತುಂಡು ಮಾಡುತ್ತದೆ. ಇದನ್ನು ಅಕ್ಷರ ಸ್ಥಾನ ಎಣಿಸಿಯೇ ಕತ್ತರಿಸಬೇಕು, ಕತ್ತರಿಸಿದ ಮೇಲೆ ಒಳಗಿನ ಖಾಲಿ ಜಾಗ ತೆಗೆಯಬೇಕು. ಪ್ಲಾಂಕ್ ಸ್ಥಿರಾಂಕದ ಸಾಲಿಗೆ ಬಂದರೆ ಅನಿಶ್ಚಿತತೆಯ ಜಾಗದಲ್ಲಿ ಸಂಖ್ಯೆಯೇ ಇಲ್ಲ, ‘ನಿಖರ’ ಎಂಬರ್ಥದ ಇಂಗ್ಲಿಷ್ ಪದ ಇದೆ. 2019ರ ಮೇ 20ರಿಂದ ಆ ಬೆಲೆ ವ್ಯಾಖ್ಯೆಯಿಂದಲೇ ನಿಗದಿಯಾಗಿದೆ. 2014ರ ಪಟ್ಟಿಯಲ್ಲಿ ಅದಕ್ಕೂ ಅನಿಶ್ಚಿತತೆ ಇತ್ತು: 6.626070040(81) × 10⁻³⁴. ಹಳೆಯ ಪಟ್ಟಿಗೆ ಬರೆದ ಪ್ರೋಗ್ರಾಂ ಹೊಸ ಪಟ್ಟಿಯಲ್ಲಿ ಮುಗ್ಗರಿಸುವುದು ಸಹಜ.

ಮರಳಿನ ಕೆಲಸಕ್ಕೆ ಅರ್ಧಾಯುಗಳು (ವಿಕಿರಣ ಪದಾರ್ಥ ಅರ್ಧಕ್ಕಿಳಿಯುವ ಕಾಲ) ಬೇಕು, ಅವು ಪರಮಾಣು ನ್ಯೂಕ್ಲಿಯಸ್ ದತ್ತಾಂಶದ 80 ಅಕ್ಷರದ ಸಾಲುಗಳಲ್ಲಿ ಬರುತ್ತವೆ. ಪೊಟ್ಯಾಸಿಯಂ-40ರ ಅರ್ಧಾಯು 1.248(3) × 10⁹ ವರ್ಷ. ಆ ಫೈಲಿನಲ್ಲಿ ಬೆಲೆ, ಘಾತ, ಕಾಲಮಾನ ಒಂದು ಜಾಗದಲ್ಲಿ. 3 ಎಂಬುದು ಮಾತ್ರ ಪಕ್ಕದ ಜಾಗದಲ್ಲಿ. ಆ 3 ಎಂದರೆ 30 ಲಕ್ಷ ವರ್ಷ. ಅದೇ ಜಾಗದಲ್ಲಿ ಕೆಲವೊಮ್ಮೆ ‘ಇದಕ್ಕಿಂತ ಕಡಿಮೆ’, ‘ಸುಮಾರು’ ಎಂಬರ್ಥದ ಎರಡಕ್ಷರಗಳೂ, ಕೂಡು-ಕಳೆ ಬೇರೆ ಬೇರೆಯಾದ ಅನಿಶ್ಚಿತತೆಗಳೂ ಇರುತ್ತವೆ. ಎಲ್ಲವೂ ಸಂಖ್ಯೆ ಎಂದು ನಂಬಿ ಓದಿದರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ಸರಿಪಡಿಸುವುದು

ಕೆಟ್ಟ ಫೈಲನ್ನು ಕೈಯಿಂದ ತಿದ್ದಬೇಡಿ. ಮೂಲದ ಪ್ರತಿಯನ್ನು ಬರೆಯಲಾಗದಂತೆ ಮಾಡಿಟ್ಟು, ಅದರಿಂದ ಹೊಸ ಫೈಲ್ ಮಾಡುವ ಪ್ರೋಗ್ರಾಂ ಬರೆಯಿರಿ. ಕಾಲಂ ಅನ್ನು ಪಠ್ಯವಾಗಿಯೇ ಓದಿ ಮೂರು ಭಾಗ ಮಾಡಿ: ಬ್ರಾಕೆಟ್‌ಗಿಂತ ಮೊದಲಿನ ಸಂಖ್ಯೆ, ಬ್ರಾಕೆಟ್ ಒಳಗಿನದ್ದು, ಘಾತ. ಘಾತ ಇಲ್ಲದಿದ್ದರೆ ಸೊನ್ನೆ. ಮೊದಲ ಭಾಗದಲ್ಲಿ ದಶಮಾಂಶ ಬಿಂದುವಿನ ನಂತರ ಎಷ್ಟು ಅಂಕಿ ಇವೆ ಎಂದು ಎಣಿಸಿ. ಕೊನೆಯ ಸೊನ್ನೆಗಳೂ ಲೆಕ್ಕಕ್ಕೆ ಸೇರಬೇಕು. ಘಾತದಿಂದ ಆ ಎಣಿಕೆಯನ್ನು ಕಳೆದು, ಹತ್ತನ್ನು ಅಷ್ಟು ಘಾತಕ್ಕೇರಿಸಿ, ಬ್ರಾಕೆಟ್ ಒಳಗಿನ ಸಂಖ್ಯೆಯಿಂದ ಗುಣಿಸಿ. 4.16(29)ಇ1ರಲ್ಲಿ ಎರಡು ದಶಮಾಂಶ, ಘಾತ 1. 29ನ್ನು ಹತ್ತರಿಂದ ಭಾಗಿಸಿದರೆ 2.9. ಗುರುತ್ವ ಸ್ಥಿರಾಂಕದಲ್ಲಿ ಐದು ದಶಮಾಂಶ, ಘಾತ -11. 15 × 10⁻¹⁶, ನಿಸ್ಟ್ ಪಟ್ಟಿಯ ಬೆಲೆಗೆ ತಾಳೆಯಾಗುತ್ತದೆ.

ಒಂದೇ ವಿನಾಯಿತಿ: ಬ್ರಾಕೆಟ್ ಒಳಗೇ ದಶಮಾಂಶ ಬಿಂದು ಇದ್ದರೆ, ಅಂದರೆ 12.3(4.5) ಎಂದಿದ್ದರೆ, ದಶಮಾಂಶ ಎಣಿಸಬಾರದು, ಘಾತದಿಂದ ಮಾತ್ರ ಗುಣಿಸಬೇಕು. 12.3(45) ಎಂದರೂ ಅರ್ಥ ಅದೇ.

ಪೈಥಾನ್‌ನಲ್ಲಿ ಅನಿಶ್ಚಿತತೆಗೆಂದೇ ಇರುವ ಅನ್‌ಸರ್ಟನ್ಟೀಸ್ ಎಂಬ ಸಂಗ್ರಹ 1.842(37)ಇ3 ಅನ್ನು ನೇರವಾಗಿ ಓದುತ್ತದೆ, ಅದನ್ನೇ ಬಳಸಬಹುದು. ಆದರೆ ಬ್ರಾಕೆಟ್ ಇಲ್ಲದ 0.20 ಎಂಬ ಪಠ್ಯ ಕೊಟ್ಟರೆ ಅದು ಕೊನೆಯ ಅಂಕಿಗೆ 1 ಎಂದು ತಾನೇ ಅನಿಶ್ಚಿತತೆ ಹಚ್ಚುತ್ತದೆ. ಅನಿಶ್ಚಿತತೆ ಬರೆಯಲು ಮರೆತ ಸಾಲುಗಳಿಗೂ ಹೀಗೆ ಒಂದು ಬೆಲೆ ಹುಟ್ಟಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಅಂಥ ಸಾಲುಗಳನ್ನು ಮೊದಲೇ ಬೇರೆ ಮಾಡಿ.

ಹೊಸ ಫೈಲಿನಲ್ಲಿ ಬೆಲೆಗೊಂದು ಕಾಲಂ, ಅನಿಶ್ಚಿತತೆಗೊಂದು ಕಾಲಂ, ಎರಡೂ ಒಂದೇ ಮಾನದಲ್ಲಿ, ಪೂರ್ಣ ಬೆಲೆಯಾಗಿ: 1.842ಇ3 ಮತ್ತು 3.7ಇ1. ಕೊನೆಯ ಅಂಕಿಯ ಲೆಕ್ಕ ಬೇಡ. ತಲೆಸಾಲಿನಲ್ಲಿ ಮಾನವನ್ನೂ, ಅನಿಶ್ಚಿತತೆ ಎಷ್ಟರಿಂದ ಗುಣಿಸಿದ್ದು ಎಂಬುದನ್ನೂ ಬರೆಯಿರಿ. ಅಂಕಿಗಳನ್ನು ಇಲ್ಲಿ ದುಂಡಾಗಿಸಬೇಡಿ. ಒಂದೆರಡು ಹೆಚ್ಚೇ ಇರಲಿ. ಬ್ರಾಕೆಟ್ ರೂಪ ಬೇಕಾಗುವುದು ಲೇಖನದ ಕೋಷ್ಟಕಕ್ಕೆ, ಅದನ್ನು ಲೇಟೆಕ್ ಎಂಬ ಅಕ್ಷರಜೋಡಣೆ ಪ್ರೋಗ್ರಾಂನಲ್ಲಿ ಬರೆಯುವ ಹೊತ್ತಿಗೆ ಈ ಎರಡು ಕಾಲಂಗಳಿಂದ ಮಾಡಿಕೊಳ್ಳಬಹುದು. ಮೂಲದ ಪಠ್ಯವನ್ನು ಮೂರನೆಯ ಕಾಲಂ ಆಗಿ ಉಳಿಸಿಕೊಂಡರೆ ಮುಂದೆ ಸಂಶಯ ಬಂದಾಗ ಹಳೆಯ ಫೈಲ್ ಹುಡುಕಬೇಕಾಗಿಲ್ಲ.

ಪತ್ತೆ ಮಿತಿಗಿಂತ ಕೆಳಗಿರುವ ಮಾದರಿಗಳು ಬಾಕಿ. ಅವನ್ನು ‘<’ (ಇದಕ್ಕಿಂತ ಕಡಿಮೆ) ಚಿಹ್ನೆ ಹಾಕಿ ಬರೆದಿರುತ್ತಾರೆ. ಆ ಚಿಹ್ನೆ ಕಿತ್ತು ಉಳಿದ ಸಂಖ್ಯೆಯನ್ನು ಬೆಲೆಯ ಕಾಲಂಗೆ ತಳ್ಳಿದರೆ, ಏನೂ ಸಿಗದ ಮಾದರಿಯೂ ಅಳತೆಯಾಗಿ ಸರಾಸರಿಗೆ ಸೇರುತ್ತದೆ. ಮಿತಿಗೆ ಪ್ರತ್ಯೇಕ ಕಾಲಂ ಮಾಡಿ, ಬೆಲೆ ಮತ್ತು ಅನಿಶ್ಚಿತತೆಯ ಕಾಲಂಗಳನ್ನು ಆ ಸಾಲಿನಲ್ಲಿ ಖಾಲಿ ಬಿಡಿ. ಸೊನ್ನೆ ತುಂಬಬೇಡಿ.